ಹೆಣೆದ ತಂತಿಯ ಕಾಯಿಲ್ ಮತ್ತು ತಪ್ಪಿದ ಓಮ್ ಲೆಕ್ಕ

ವೇಪಿಂಗ್ ಸಾಧನಕ್ಕೆ (ಇ-ಸಿಗರೇಟಿಗೆ) ನಾನೇ ಸುತ್ತಿಕೊಳ್ಳುವ, ದ್ರವವನ್ನು ಕಾಯಿಸುವ ತಂತಿಸುರುಳಿಗೆ, ಅಂದರೆ ಕಾಯಿಲ್‌ಗೆ 0.9 ಓಮ್ ರೋಧ ಬೇಕಿತ್ತು. 28 ಗೇಜ್ ದಪ್ಪದ ಕಾಂತಲ್ ಎ1 (ಬಿಸಿಮಾಡಲು ಬಳಸುವ ಮಿಶ್ರಲೋಹದ ತಂತಿ) ಒಂಟಿ ಎಳೆ ಸೆಂಟಿಮೀಟರಿಗೆ ಸುಮಾರು 0.18 ಓಮ್ ಇರುವುದರಿಂದ 5 ಸೆಂ.ಮೀ. ಸಾಕಾಗುತ್ತಿತ್ತು. ಎರಡು ಎಳೆಗಳನ್ನು ಹೆಣೆದಾಗಲೂ ಅಷ್ಟೇ ಉದ್ದ ಸುತ್ತಿದೆ, ಮೀಟರ್ 0.7 ತೋರಿಸಿತು. ಅದರ ಎರಡು ಕಡ್ಡಿಗಳನ್ನು ಪರಸ್ಪರ ಮುಟ್ಟಿಸಿದಾಗಲೇ 0.2 ಬಂದಿದ್ದರಿಂದ ಕಾಯಿಲ್‌ನ ನಿಜವಾದ ರೋಧ 0.5 ಓಮ್ ಮಾತ್ರ. ತುಂಬಿದ ಬ್ಯಾಟರಿಯ 4.2 ವೋಲ್ಟ್‌ಗೆ ಇದು 8 ಆಂಪಿಯರ್‌ಗೂ ಹೆಚ್ಚು ಎಳೆಯುತ್ತದೆ. ನಾನು ಲೆಕ್ಕ ಹಾಕಿದ್ದು 5ಕ್ಕೂ ಕಡಿಮೆ. ಜೋಡಿಸುವ ಮೊದಲೇ ಅಳೆದದ್ದು ಒಳ್ಳೆಯದಾಯಿತು.

ಹೆಣೆದ ಎಳೆಗಳು ಸಮಾಂತರವಾಗಿ ಕೆಲಸ ಮಾಡುವುದರಿಂದ ರೋಧ ಅರ್ಧಕ್ಕಿಳಿಯುತ್ತದೆ. ನಡುವೆ ಅವು ಪರಸ್ಪರ ತಾಗಿಕೊಂಡಿದ್ದರೂ, ತಾಗುವ ಜಾಗದಲ್ಲಿ ಎರಡರ ವೋಲ್ಟೇಜ್ ಬಹುತೇಕ ಒಂದೇ ಆಗಿರುವುದರಿಂದ, ಲೆಕ್ಕ ಬದಲಾಗುವುದಿಲ್ಲ. ಆದರೆ ಸರಿಯಾಗಿ ಅರ್ಧವೂ ಅಲ್ಲ, ಏಕೆಂದರೆ ತಿರುಚಿದಂತೆ ಹಗ್ಗ ಗಿಡ್ಡವಾಗುತ್ತದೆ: ನನ್ನ 12 ಸೆಂ.ಮೀ. ಎಳೆಗಳು 11ಕ್ಕೆ ಇಳಿದಿದ್ದವು, ಅಂದರೆ ಹೆಣಿಗೆಯ ಪ್ರತಿ ಸೆಂಟಿಮೀಟರಿನಲ್ಲಿ ಸುಮಾರು 1.09 ಸೆಂ.ಮೀ. ತಂತಿ ಅಡಗಿರುತ್ತದೆ. ಬಿಗಿಯಾಗಿ ತಿರುಚಿದಷ್ಟೂ ಇದು ಹೆಚ್ಚುತ್ತದೆ.

ಈಗ ಮೊದಲು ಹೆಣೆದು, ಕನಿಷ್ಠ 10 ಸೆಂ.ಮೀ. ತುಂಡನ್ನು ಅಳೆದು, ಕಡ್ಡಿಗಳ ರೋಧವನ್ನು ಕಳೆದು, ಆಮೇಲೆ ಉದ್ದ ನಿರ್ಧರಿಸುತ್ತೇನೆ. ಚಿಕ್ಕ ತುಂಡಿನಲ್ಲಿ ಅಗ್ಗದ ಮೀಟರಿನ ದೋಷವೇ ದೊಡ್ಡದಾಗಿಬಿಡುತ್ತದೆ. ಸೆಂಟಿಮೀಟರಿಗೆ 0.098 ಓಮ್ ಸಿಕ್ಕಿದ್ದರಿಂದ 9.2 ಸೆಂ.ಮೀ. ಸುತ್ತಿದೆ, ಮೀಟರ್ 1.1 ತೋರಿಸಿತು, ಅದರಲ್ಲಿ 0.2 ಕಡ್ಡಿಗಳದ್ದು.