ಕುಸ್ವಾರ್ ಕರಿಯುವ ದಿನವೇ ಯೂಲ್: ನನ್ನ ಅನುಭವ

ಕ್ರೈಸ್ತ ಕುಟುಂಬದೊಳಗೇ ಇದ್ದುಕೊಂಡು, ಯಾರಿಂದಲೂ ಮುಚ್ಚಿಡದೆ, ಯಾರ ಮನಸ್ಸನ್ನೂ ನೋಯಿಸದೆ ಯೂಲ್ (ವರ್ಷದ ಅತಿ ಚಿಕ್ಕ ಹಗಲಿನ ಹೊತ್ತಿನ ಪೇಗನ್ ಹಬ್ಬ) ಆಚರಿಸಲು ಸಾಧ್ಯವಿಲ್ಲ ಎಂದು ಎರಡೂ ಕಡೆಯವರು ನನಗೆ ಹೇಳಿದ್ದರು. ಇಲ್ಲಿ ಬ್ರಿಸ್ಟಲ್‌ನಲ್ಲಿ ತಿಂಗಳಿಗೊಮ್ಮೆ ಸೇರುವ ಪೇಗನ್, ಅಂದರೆ ಕ್ರೈಸ್ತಪೂರ್ವ ಯುರೋಪಿನ ಪ್ರಕೃತಿ ಆರಾಧನೆಯ ಜಾಡಿನಲ್ಲಿ ನಡೆಯುವ, ಗೆಳೆಯರು ಡಿಸೆಂಬರ್‌ನಲ್ಲಿ ಮನೆಯಿಂದ ದೂರವಿರುವುದೇ ಲೇಸು ಎಂದರೆ, ಮಂಗಳೂರಿನ ಬಾಸೆಲ್ ಮಿಶನ್ ಪರಂಪರೆಯ ಸಭೆಯಲ್ಲಿ ಬೆಳೆದ ಅಮ್ಮ, "ಒಂದು ಮನೆಯಲ್ಲಿ ಎರಡು ಆರಾಧನೆ ನಡೆಯುವುದಿಲ್ಲ ಮಗಾ" ಎಂದಿದ್ದರು. ಈಗ ಮೂರ್ನಾಲ್ಕು ವರ್ಷಗಳಿಂದ ನಡೆಯುತ್ತಿದೆ. ಕಳೆದ ಸಲವಂತೂ ಬೆಂಕಿಗೆ ಮೊದಲ ಕಟ್ಟಿಗೆ ಇಟ್ಟವರು ಅಪ್ಪನೇ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ತಮ್ಮ ಧರ್ಮ ಪೇಗನ್ ಎಂದು ಬರೆಸಿದವರು ಸುಮಾರು 74,000 ಮಂದಿ. ಅವರ ನಡುವೆ ನಮ್ಮ ಕಡೆಯವರು ಯಾರಾದರೂ ಇದ್ದರೆ ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

ಫಲಿಸದ ದಾರಿಗಳನ್ನು ಮೊದಲು ಹೇಳುತ್ತೇನೆ. ವಾದದಿಂದ ಏನೂ ದಕ್ಕಲಿಲ್ಲ. ಕಾಡಿನ ಮರ ಕಡಿದು ಬೆಳ್ಳಿಬಂಗಾರದಿಂದ ಸಿಂಗರಿಸುವವರ ವಿಚಾರವಿರುವ ಬೈಬಲ್ಲಿನ ಯೆರೆಮೀಯನ 10ನೆಯ ಅಧ್ಯಾಯವನ್ನು ಅಪ್ಪ ತೆಗೆದರು. ಇಂಗ್ಲೆಂಡಿನ ಹಳೆಯ ಗುಡಿಗಳನ್ನು ಕೆಡವದೆ ಶುದ್ಧಿಮಾಡಿ ಬಳಸಿಕೊಳ್ಳಿ ಎಂದು 601ರಲ್ಲಿ ಪೋಪ್ ಗ್ರೆಗರಿ ಬರೆದ ಪತ್ರವನ್ನೂ, 1647ರಲ್ಲಿ ಇಲ್ಲಿನ ಪಾರ್ಲಿಮೆಂಟೇ ಕ್ರಿಸ್‌ಮಸ್ಸನ್ನು ರದ್ದುಮಾಡಿದ್ದನ್ನೂ ನಾನು ಮುಂದಿಟ್ಟೆ. ನನ್ನ ಮಾತಿಗೆ ಅವರಲ್ಲಿ ಉತ್ತರವಿರಲಿಲ್ಲ, ಆದರೆ ಆ ವರ್ಷ ಅವರು ನಮ್ಮ ಮನೆಗೇ ಬರಲಿಲ್ಲ. ಮರುವರ್ಷ ಏವ್‌ಬರಿಯ ಕಲ್ಲುವೃತ್ತದ ಬಳಿ ಒಂದು ಮನೆಯನ್ನು ವಾರಾಂತ್ಯಕ್ಕೆ ಬಾಡಿಗೆಗೆ ಹಿಡಿದು ಎಲ್ಲರನ್ನೂ ಕರೆದೆ. ನಾನೂರು ಪೌಂಡ್‌ನಷ್ಟು ಹೋಯಿತು, ಬಂದವಳು ಅತ್ತಿಗೆಯೊಬ್ಬಳೇ. 25ರ ಸಂಜೆಗೇ ಯೂಲನ್ನು ಸೇರಿಸಿ ನೋಡಿದಾಗ ಅಮ್ಮನಿಗೆ ತಮ್ಮ ಹಬ್ಬಕ್ಕೆ ಯಾರೋ ಕೈಹಾಕಿದಂತಾಯಿತು, ಮತ್ತು ಅವರಿಗೆ ಹಾಗನ್ನಿಸಿದ್ದು ನ್ಯಾಯವೇ ಆಗಿತ್ತು.

ಕೊನೆಗೆ ದಾರಿ ತೋರಿಸಿದ್ದು ಅಡುಗೆಮನೆ. ಅಯನದ ದಿನ, ಅಂದರೆ ಡಿಸೆಂಬರ್ 21 ಅಥವಾ 22, ಬರುವುದು ಕುಸ್ವಾರ್ (ಕ್ರಿಸ್‌ಮಸ್‌ನ ತಿಂಡಿತಿನಿಸುಗಳು) ಮಾಡುವ ದಿನಗಳ ನಡುವೆಯೇ. ಸುರುಳಿ ಸುತ್ತಿ ಕರಿಯುವ ಸಿಹಿತಿಂಡಿ ಕಲ್‌ಕಲ್ ಸುತ್ತಲು ಎಷ್ಟು ಕೈಗಳಿದ್ದರೂ ಸಾಲದು, ನಮ್ಮ ಮನೆಯ ಒಲೆ ಅಮ್ಮನ ಒಲೆಗಿಂತ ದೊಡ್ಡದು. ಹೀಗಾಗಿ ಕರಿಯುವ ಕೆಲಸವನ್ನೇ ನಮ್ಮ ಮನೆಗೆ, ಆ ದಿನಕ್ಕೆ ತಂದೆ. ಆ ದಿನ ಇಲ್ಲಿ ಬೆಳಕು ಎಂಟು ಗಂಟೆಗೂ ಕಡಿಮೆ. ಸಂಜೆ ನಾಲ್ಕರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ. ಆಗ ಒಲೆ ಆರಿಸಿ, ಎಣ್ಣೆಗೈ ಒರೆಸಿಕೊಂಡು ಎಲ್ಲರೂ ಹಿತ್ತಲಿಗೆ ಬರುತ್ತಾರೆ. ಸೂರ್ಯನಿಗೆ, ನೆಲಕ್ಕೆ, ಹಿರಿಯರಿಗೆ ನಾನು ಕನ್ನಡದಲ್ಲೇ ನಾಲ್ಕು ಮಾತು ಹೇಳುತ್ತೇನೆ. ಹಿರಿಯರ ಹೆಸರು ಹೇಳುವಾಗ ಬರುವುದು ನನ್ನ ಅಜ್ಜಿ, ಅಜ್ಜ, ಮುತ್ತಜ್ಜಿಯರ ಹೆಸರುಗಳೇ, ಎಲ್ಲರೂ ಸಭೆಯ ನಿಷ್ಠಾವಂತರು. ಮೊದಲ ಸಲ ಆ ಹೆಸರುಗಳನ್ನು ಕೇಳಿದ ಅಮ್ಮ, ಯಾರೂ ಹೇಳದಿದ್ದರೂ, ಅಜ್ಜಿಗೆ ಪ್ರಿಯವಾಗಿದ್ದ ಕೀರ್ತನೆಯನ್ನು ಹಿಟ್ಟು ಮೆತ್ತಿದ್ದ ಸೆರಗಿನಲ್ಲೇ ನಿಂತು ಪೂರ್ತಿ ಹಾಡಿದರು. ಅಂದಿನಿಂದ ಆ ಹಾಡಿಲ್ಲದೆ ನನ್ನ ಯೂಲ್ ಇಲ್ಲ. ಇದಕ್ಕೆ ಸಮನಾಗಿ ನಾನೂ 25ರಂದು ಅವರೊಡನೆ ಆರಾಧನೆಗೆ ಹೋಗುತ್ತೇನೆ, ಹಾಡುತ್ತೇನೆ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮಾತ್ರ ಮುಂದೆ ಹೋಗುವುದಿಲ್ಲ. ಇದನ್ನು ಒಂದು ವಾರ ಮೊದಲೇ ಅಪ್ಪನಿಗೆ ತಿಳಿಸಿಬಿಡುತ್ತೇನೆ, ಏಕೆಂದರೆ ಅಲ್ಲಿ ನಾಲ್ಕು ಜನರೆದುರು ಅದು ಅವರಿಗೆ ಅನಿರೀಕ್ಷಿತವಾಗಬಾರದು. ಅಪ್ಪನ ಕೈಗೆ ಕಟ್ಟಿಗೆ ಬಂದದ್ದು ಹೇಗೆ ಎಂದು ಹಲವರು ಕೇಳಿದ್ದಾರೆ. ಅದು ನಮ್ಮಿಬ್ಬರ ನಡುವಿನ ಮಾತು, ಇಲ್ಲಿ ಬರೆಯಲಾರೆ.

ಬೆಂಕಿಯ ವಿಷಯಕ್ಕೆ ಬರುತ್ತೇನೆ. ನಮ್ಮ ನಗರ ಹೊಗೆ ನಿಯಂತ್ರಣ ಪ್ರದೇಶವಾದ್ದರಿಂದ ಮನೆಯೊಳಗಿನ ಹಳೆಯ ತೆರೆದ ಅಗ್ಗಿಷ್ಟಿಕೆಯಲ್ಲಿ ಸೌದೆ ಉರಿಸುವಂತಿಲ್ಲ. ಚಿಮಣಿಯಿಂದ ಹೊಗೆ ಬಿಟ್ಟರೆ 300 ಪೌಂಡ್‌ವರೆಗೆ ದಂಡವಿದೆ. ಹಿತ್ತಲಿನಲ್ಲಿ ಕಬ್ಬಿಣದ ಬೋಗುಣಿಯಲ್ಲಿ ಉರಿಸಲು ಅಡ್ಡಿಯಿಲ್ಲ. ಮೊದಲು ಕೊಂಡ ಅಗ್ಗದ ತೆಳು ತಗಡಿನ ಬೋಗುಣಿ ಒಂದೇ ರಾತ್ರಿಗೆ ಸೊಟ್ಟಗಾಯಿತು. ಈಗಿರುವ ದಪ್ಪ ಎರಕದ್ದಕ್ಕೆ ಎಪ್ಪತ್ತು ಪೌಂಡ್‌ನ ಆಸುಪಾಸು ಕೊಟ್ಟ ನೆನಪು. ಸೌದೆಗೆ ನಾನು ಆಶ್ ಮರವನ್ನೇ ಹಿಡಿದಿದ್ದೇನೆ. ಹಸಿಯಿದ್ದಾಗಲೂ ಅದರಲ್ಲಿ ನೀರು ಕಡಿಮೆ, ಡೆವನ್ ಮತ್ತು ಸಾಮರ್ಸೆಟ್‌ನವರು ಕ್ರಿಸ್‌ಮಸ್ ಹಿಂದಿನ ರಾತ್ರಿ ಉರಿಸುವ ಕಟ್ಟಿಗೆಯ ಹೊರೆಯೂ ಅದರದ್ದೇ. ಹಾಗೆಂದು ಹಸಿಯದನ್ನೇ ಉರಿಸಬೇಡಿ, ತೇವ ಶೇ. 20ಕ್ಕಿಂತ ಕೆಳಗಿದ್ದರೆ ಪಕ್ಕದ ಮನೆಯವರ ಬಟ್ಟೆಗೆ ಹೊಗೆವಾಸನೆ ಅಷ್ಟಾಗಿ ಹತ್ತುವುದಿಲ್ಲ. ಸಮಿಧೆಯಂತೆ ಸಣ್ಣಗೆ ಸೀಳಿದ ತುಂಡುಗಳನ್ನು ಒಬ್ಬೊಬ್ಬರ ಕೈಗೂ ಕೊಟ್ಟರೆ, ದೂರ ನಿಲ್ಲಬೇಕೆಂದಿದ್ದವರೂ ಹತ್ತಿರ ಬರುತ್ತಾರೆ.

ಇದರ ಜೊತೆಗೆ ಮಿಸಲ್‌ಟೋ (ಬೇರೆ ಮರಗಳ ಕೊಂಬೆಯ ಮೇಲೆ ಬೆಳೆಯುವ, ಈ ಹಬ್ಬಗಳಲ್ಲಿ ಮನೆಯೊಳಗೆ ತೂಗುಹಾಕುವ ಗಿಡ) ಬೆಳೆಸುವ ಪ್ರಯೋಗವೂ ನಡೆದಿದೆ. ಡಿಸೆಂಬರ್‌ನಲ್ಲಿ ಮಾರುಕಟ್ಟೆಯಿಂದ ತಂದ ಕಾಯಿಯ ಬೀಜ ಹಿಡಿಯಲಿಲ್ಲ. ಫೆಬ್ರವರಿಯಲ್ಲಿ ಮರದಿಂದ ಆಗಷ್ಟೇ ಕಿತ್ತ ಕಾಯಿಯ ಅಂಟುಬೀಜವನ್ನು ಸೇಬಿನ ಮರದ ಎಳೆಯ ಕೊಂಬೆಗೆ ಒತ್ತಿದಾಗ ಹತ್ತರಲ್ಲಿ ಒಂದೆರಡು ಕಚ್ಚಿಕೊಂಡವು. ಫಲ ಕಾಣಲು ಇನ್ನೂ ಕೆಲವು ವರ್ಷ ಬೇಕು. ಕಾಯಿ ವಿಷ, ಆದ್ದರಿಂದ ಕುಸ್ವಾರ್ ಹರಡಿದ ಮೇಜಿನ ಮೇಲೆ ಅದನ್ನು ತೂಗುಹಾಕಬಾರದು.

ಬರುವ ಜನವರಿ 17ಕ್ಕೆ ಅದೇ ಸೇಬಿನ ಮರಕ್ಕೆ ಸಾಮರ್ಸೆಟ್ ರೀತಿಯಲ್ಲಿ ವಾಸೇಲ್ ಎಂಬ ಆಚರಣೆ ಮಾಡುವುದಿದೆ: ಬುಡಕ್ಕೆ ಸೈಡರ್ (ಸೇಬಿನ ಮದ್ಯ) ಎರೆದು, ಸೈಡರ್‌ನಲ್ಲಿ ನೆನೆಸಿದ ಬ್ರೆಡ್ಡನ್ನು ಕೊಂಬೆಗೆ ಸಿಕ್ಕಿಸಿ, ಗದ್ದಲವೆಬ್ಬಿಸಿ ಮರವನ್ನು ಎಬ್ಬಿಸುವುದು. ಗದ್ದಲಕ್ಕೆ ತಮ್ಮ ಹಳೆಯ ಹಿತ್ತಾಳೆ ತಟ್ಟೆಯನ್ನು ತರುವುದಾಗಿ ಅಮ್ಮ ಈಗಾಗಲೇ ಹೇಳಿದ್ದಾರೆ.