ಮರೆತದ್ದು ಎಲ್ಲಿ ಹೋಯಿತು? ಹಾಸ್ಟೆಲ್ ಕೋಣೆಯಲ್ಲೇ ಹುಡುಕುವ ಬಗೆ

ಹಂಪಿ ಯಾವ ಜಿಲ್ಲೆಯಲ್ಲಿದೆ? ಬಳ್ಳಾರಿಯ ಹಿರಿಯರನ್ನು ಥಟ್ಟನೆ ಕೇಳಿ ನೋಡಿ. ಬಳ್ಳಾರಿ ಜಿಲ್ಲೆ ಎಂಬ ಉತ್ತರ ಇನ್ನೂ ಬರುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಆದದ್ದು ಅವರಿಗೆ ಗೊತ್ತಿಲ್ಲ ಅಂತಲ್ಲ. ಒಂದು ಗಳಿಗೆ ಬಿಟ್ಟರೆ ತಾವೇ ತಿದ್ದಿಕೊಳ್ಳುತ್ತಾರೆ. ಮಾಹಿತಿ ತಲೆಯಲ್ಲೇ ಇತ್ತು, ಬೇಕಾದ ಹೊತ್ತಿಗೆ ಸಿಗಲಿಲ್ಲ.

‘ಮರೆತುಹೋಯ್ತು’ ಎಂದು ಸುಮ್ನೆ ಹೇಳಿಬಿಡುತ್ತೇವೆ. ಮನಶ್ಶಾಸ್ತ್ರ ಓದುವವರು ಮಾತ್ರ ಅಲ್ಲಿಗೇ ನಿಲ್ಲಬಾರದು. ಕೆಲವು ಸಂಗತಿ ಒಳಗೆ ಹೋಗಿರುವುದೇ ಇಲ್ಲ. ಕೆಲವು ಹೋಗಿಯೂ ಉಳಿಯುವುದಿಲ್ಲ. ಇನ್ನು ಕೆಲವು ಉಳಿದಿದ್ದರೂ ಕೈಗೆ ಸಿಗುವುದಿಲ್ಲ. ಪಠ್ಯಪುಸ್ತಕದಲ್ಲಿ ಸಂಕೇತೀಕರಣ, ಸಂಗ್ರಹಣೆ, ಮರುಪಡೆಯುವಿಕೆ ಎಂದು ಇರುವುದು ಇದೇ. ಅಟ್ಕಿನ್‌ಸನ್ ಮತ್ತು ಶಿಫ್ರಿನ್ 1968ರಲ್ಲಿ ಕೊಟ್ಟ, ಇಂದ್ರಿಯ ಸ್ಮೃತಿ, ಅಲ್ಪಾವಧಿ ಸ್ಮೃತಿ, ದೀರ್ಘಾವಧಿ ಸ್ಮೃತಿ ಎಂಬ ಮೂರು ಚೌಕಗಳ ಮಾದರಿಯನ್ನು ಬಾಯಿಪಾಠ ಮಾಡಿ ಅಂಕ ತೆಗೆಯಬಹುದು. ಆದರೆ ಚೌಕದೊಳಗೆ ಏನು ನಡೆಯುತ್ತದೆ ಎಂಬುದು ಮಾಡಿ ನೋಡಿದರೇ ತಿಳಿಯುವುದು. ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ. ನೋಟ್‌ಬುಕ್, ಮೊಬೈಲಿನ ಸ್ಟಾಪ್‌ವಾಚ್ ಮತ್ತು ಒಂದಿಷ್ಟು ಹೊತ್ತು ಕೊಡುವ ಗೆಳೆಯರು ಸಾಕು.

ಹೆಜ್ಜೆ 1: ಎಷ್ಟು ಹಿಡಿಯುತ್ತದೆ, ಅಳೆಯಿರಿ

ಗೆಳೆಯರಿಗೆ ಅಂಕಿಗಳನ್ನು ಸೆಕೆಂಡಿಗೆ ಒಂದರಂತೆ ಓದಿ ಹೇಳಿ. ನಾಲ್ಕು ಅಂಕಿಯಿಂದ ಶುರು ಮಾಡಿ, ಒಂದೊಂದೇ ಹೆಚ್ಚಿಸುತ್ತಾ ಹೋಗಿ. ಅದೇ ಕ್ರಮದಲ್ಲಿ ಅವರು ತಿರುಗಿ ಹೇಳಬೇಕು. ಏಳರ ಆಸುಪಾಸಿನಲ್ಲಿ ಹೆಚ್ಚಿನವರು ತಡವರಿಸುತ್ತಾರೆ. ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದ ‘ಏಳು, ಎರಡು ಹೆಚ್ಚು ಕಡಿಮೆ’ ಇದೇ.

ಈಗ 583101343637 ಎಂದು ಓದಿ. ಹನ್ನೆರಡು ಅಂಕಿ. ಬಳ್ಳಾರಿಯವರಿಗೆ 583101 ತಮ್ಮದೇ ಪಿನ್‌ಕೋಡ್. 34, 36, 37 ಬಳ್ಳಾರಿ, ರಾಯಚೂರು, ಕೊಪ್ಪಳದ ಗಾಡಿಗಳ ನಂಬರ್ ಪ್ಲೇಟಿನಲ್ಲಿ ದಿನಾ ಕಾಣುವ ಸಂಖ್ಯೆಗಳು. ಇದನ್ನು ಗುರುತು ಹಿಡಿದವರಿಗೆ ಅದು ನಾಲ್ಕೇ ತುಂಡು. ಮಂಗಳೂರಿನಿಂದ ಬಂದ ರೂಮ್‌ಮೇಟ್‌ಗೆ ಹನ್ನೆರಡೂ ಬೇರೆ ಬೇರೆ. ಅಲ್ಪಾವಧಿ ಸ್ಮೃತಿಯ ಲೆಕ್ಕ ತುಂಡುಗಳಲ್ಲಿ ನಡೆಯುತ್ತದೆ. ತುಂಡು ಎಷ್ಟು ದೊಡ್ಡದು ಎಂಬುದನ್ನು ಮೊದಲೇ ತಿಳಿದಿರುವ ವಿಷಯ ತೀರ್ಮಾನಿಸುತ್ತದೆ. ಮಿಲ್ಲರ್ ಹೇಳಿದ ಏಳು ಕೂಡ ಜಾಸ್ತಿಯಾಯಿತು, ಹೀಗೆ ಜೋಡಿಸಿಕೊಳ್ಳಲು, ಒಳಗೇ ಹೇಳಿಕೊಳ್ಳಲು ಬಿಡದಿದ್ದರೆ ಉಳಿಯುವುದು ಸುಮಾರು ನಾಲ್ಕು ಎಂದು 2001ರಲ್ಲಿ ನೆಲ್ಸನ್ ಕೋವನ್ ವಾದಿಸಿದರು. ಪರೀಕ್ಷೆಯಲ್ಲಿ ಎರಡೂ ಹೆಸರು ಬರೆಯಿರಿ.

ಹೆಜ್ಜೆ 2: ಒಳಗೇ ಹೇಳಿಕೊಳ್ಳುವುದನ್ನು ತಡೆಯಿರಿ

ಅರ್ಥವಿಲ್ಲದ ಮೂರು ಅಕ್ಷರ ಹೇಳಿ. ಕೂಡಲೇ 487ರಂಥ ಒಂದು ಸಂಖ್ಯೆ ಕೊಟ್ಟು, ಮೂರು ಮೂರು ಕಳೆಯುತ್ತಾ ಗಟ್ಟಿಯಾಗಿ ಎಣಿಸಲು ಹೇಳಿ. 18 ಸೆಕೆಂಡಾದ ಮೇಲೆ ಅಕ್ಷರ ಕೇಳಿ. ಬೇರೆ ಬೇರೆ ಅಕ್ಷರಗಳೊಂದಿಗೆ ಹತ್ತು ಸಲ ಹೀಗೆ ಮಾಡಿ. 1959ರಲ್ಲಿ ಪೀಟರ್‌ಸನ್ ದಂಪತಿ ಮಾಡಿದ್ದು ಇದೇ ಪ್ರಯೋಗ. 18 ಸೆಕೆಂಡಿನ ಹೊತ್ತಿಗೆ ಸರಿ ಉತ್ತರ ಶೇ 10ರ ಆಸುಪಾಸಿಗೆ ಇಳಿದಿತ್ತು.

ಹೆಚ್ಚಿನ ನೋಟ್ಸುಗಳು ಇಲ್ಲಿಗೆ ಮುಗಿಯುತ್ತವೆ. ‘ಹೇಳಿಕೊಳ್ಳದಿದ್ದರೆ ನೆನಪು ಮಾಸುತ್ತದೆ’ ಎಂದು ಬರೆದು ಮುಂದಿನ ಪಾಠಕ್ಕೆ ಹೋಗುತ್ತಾರೆ. ನೀವು ಇನ್ನೊಂದು ಕೆಲಸ ಮಾಡಿ. ಮೊದಲ ಸಲದ ಫಲಿತಾಂಶವನ್ನು ಬೇರೆಯಾಗಿ ಬರೆದಿಡಿ. ಮೊದಲ ಸಲ ಬಹುತೇಕ ಎಲ್ಲರೂ ಸರಿಯಾಗಿಯೇ ಹೇಳುತ್ತಾರೆ. ಎಡವುವುದು ಎರಡು, ಮೂರನೇ ಸಲದಿಂದ. ಕೆಪ್ಪೆಲ್ ಮತ್ತು ಅಂಡರ್‌ವುಡ್ 1962ರಲ್ಲಿ ಇದನ್ನೇ ತೋರಿಸಿದರು. ಬರೀ ಕಾಲ ಕಳೆದದ್ದರಿಂದಲೇ ನೆನಪು ಮಾಸುವುದಾದರೆ ಮೊದಲ ಸಲವೂ ಮಾಸಬೇಕಿತ್ತು, ಅಲ್ವಾ? ಹಿಂದೆ ಕೇಳಿದ ಅಕ್ಷರಗಳು ಈಗಿನದರ ಮೇಲೆ ಬಂದು ಬೀಳುತ್ತಿವೆ. ಹಳೆಯದು ಹೊಸದನ್ನು ಕೆಡಿಸುವ ಈ ಅಡ್ಡಿಗೆ ಪೂರ್ವಗಾಮಿ ಅಡಚಣೆ ಎನ್ನುತ್ತಾರೆ. ಹಂಪಿಗೆ ಬಳ್ಳಾರಿ ಜಿಲ್ಲೆ ಎನ್ನುವವರ ಬಾಯಲ್ಲಿ ಬರುವುದೂ ಇದೇ. ‘ಕಲ್ಯಾಣ ಕರ್ನಾಟಕ’ ಎಂದು 2019ರಲ್ಲೇ ಹೆಸರು ಬದಲಾಗಿದ್ದರೂ ‘ಹೈದರಾಬಾದ್ ಕರ್ನಾಟಕ’ ನುಸುಳುವುದಕ್ಕೂ ಇದೇ ಕಾರಣ. ಹೊಸ ಪಾಠ ಹಳೆಯದನ್ನು ಕೆಡಿಸಿದರೆ ಅದು ಪಶ್ಚಗಾಮಿ ಅಡಚಣೆ. ಇವೆರಡನ್ನು ಅದಲುಬದಲು ಮಾಡಿ ಅಂಕ ಕಳೆದುಕೊಳ್ಳುವವರು ಬಹಳ. ಊರಿನ ಉದಾಹರಣೆ ಇಟ್ಟುಕೊಂಡರೆ ಗೊಂದಲ ಆಗದು.

ಹೆಜ್ಜೆ 3: ಅಕ್ಷರ ನೋಡಿಸಿ, ಅರ್ಥ ನೋಡಿಸಿ

ಹತ್ತಿ, ಕಾಲುವೆ, ಗಣಿ, ಜೋಳ, ಕೋಟೆಯಂಥ ಇಪ್ಪತ್ತು ಪದ ಬರೆಯಿರಿ. ಹತ್ತು ಪದಕ್ಕೆ ‘ಇದರಲ್ಲಿ ಒತ್ತಕ್ಷರ ಇದೆಯೇ?’ ಎಂದು ಕೇಳಿ. ಉಳಿದ ಹತ್ತಕ್ಕೆ ‘ಇದನ್ನು ಕೈಯಲ್ಲಿ ಎತ್ತಬಹುದೇ?’ ಎಂದು ಕೇಳಿ. ನೆನಪಿನ ಪರೀಕ್ಷೆ ಇದೆ ಎಂದು ಮೊದಲೇ ಹೇಳಬೇಡಿ. ಆಮೇಲೆ ಪದಗಳನ್ನು ಬರೆಯಲು ಹೇಳಿದರೆ ಎರಡನೇ ಗುಂಪಿನವು ಜಾಸ್ತಿ ಬರುತ್ತವೆ. ಕ್ರೇಕ್ ಮತ್ತು ಲಾಕ್‌ಹಾರ್ಟ್ 1972ರಲ್ಲಿ ಸಂಸ್ಕರಣೆಯ ಆಳ ಎಂದು ಹೇಳಿದ್ದು ಇದನ್ನೇ. ಸಾಲಿನ ಕೆಳಗೆ ಬಣ್ಣದ ಗೆರೆ ಎಳೆಯುತ್ತಾ ಓದುವಾಗ ಕಣ್ಣು ಒತ್ತಕ್ಷರದ ಮಟ್ಟದಲ್ಲೇ ಉಳಿದಿರಬಹುದು. ಅಂಥ ಪಾಠ ಮರೆತುಹೋಗಿಲ್ಲ, ಒಳಗೇ ಹೋಗಿಲ್ಲ.

ಒಳಗೆ ಹೋದದ್ದು ಉಳಿಯಲು ಮಿದುಳಿನಲ್ಲಿ ಏನು ಬೇಕು? ಇದಕ್ಕೆ ಉತ್ತರ ಕೊಟ್ಟವರು ಹೆನ್ರಿ ಮೊಲೈಸನ್. ಬದುಕಿದ್ದಷ್ಟು ಕಾಲ ಪುಸ್ತಕಗಳಲ್ಲಿ ಎಚ್.ಎಂ. ಎಂದಷ್ಟೇ ಗೊತ್ತಿದ್ದವರು. ಮೂರ್ಛೆರೋಗ ತಗ್ಗಿಸಲು 1953ರಲ್ಲಿ ಅವರ ಮಿದುಳಿನ ಎರಡೂ ಬದಿಯ ಹಿಪೊಕ್ಯಾಂಪಸ್‌ನ ದೊಡ್ಡ ಭಾಗ ತೆಗೆದರು. ಅಂದಿನಿಂದ 2008ರಲ್ಲಿ ಸಾಯುವವರೆಗೂ ಹೊಸ ಘಟನೆಗಳು ಅವರಲ್ಲಿ ಬಹುತೇಕ ನೆಲೆ ನಿಲ್ಲಲೇ ಇಲ್ಲ. ಆದರೆ ಮನಶ್ಶಾಸ್ತ್ರಜ್ಞೆ ಬ್ರೆಂಡಾ ಮಿಲ್ನರ್ ಮೊಲೈಸನ್‌ಗೆ ಕನ್ನಡಿ ನೋಡಿ ನಕ್ಷತ್ರ ಬಿಡಿಸುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದೆ ಬಿಡಿಸಿದ್ದು ಮಾತ್ರ ಅವರಿಗೆ ನೆನಪಿರಲಿಲ್ಲ. ನಿಮ್ಮ ಕಾಲೇಜಿನಲ್ಲಿ ಆ ಕನ್ನಡಿ ಉಪಕರಣ ಇದ್ದರೆ ದಯವಿಟ್ಟು ಅದರ ಮುಂದೆ ಕೂತು ನೋಡಿ. ಕೈಯ ನೆನಪು ಬೇರೆ, ಘಟನೆಯ ನೆನಪು ಬೇರೆ ಎಂದು ವಿಜ್ಞಾನಕ್ಕೆ ಸ್ಪಷ್ಟವಾದದ್ದು ಅಂಥ ಒಂದು ಕನ್ನಡಿಯ ಮುಂದೆ.

ಹೆಜ್ಜೆ 4: ಮರೆವಿನ ರೇಖೆಯನ್ನು ನೀವೇ ಎಳೆಯಿರಿ

ಹರ್ಮನ್ ಎಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗಗಳಿಗೆ ಅವರೊಬ್ಬರೇ ಪ್ರಯೋಗಾರ್ಥಿ. ನೀವೂ ನಿಮ್ಮ ಮೇಲೆಯೇ ಮಾಡಿಕೊಳ್ಳಿ. ಎರಡಕ್ಷರದ ಅರ್ಥವಿಲ್ಲದ ಹದಿಮೂರು ಉಚ್ಚಾರಗಳ ಪಟ್ಟಿ ಮಾಡಿ. ನಮ್ಮ ಕಡೆ ಕನ್ನಡದ ಜೊತೆ ತೆಲುಗು, ಉರ್ದು ಬಲ್ಲವರು ಜಾಸ್ತಿ. ಹಾಗಾಗಿ ಆ ಭಾಷೆಗಳಲ್ಲಿ ಅರ್ಥ ಇದೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಇದ್ದರೆ ಆ ಉಚ್ಚಾರ ತೆಗೆದುಹಾಕಿ. ಪಟ್ಟಿಯನ್ನು ತಪ್ಪಿಲ್ಲದೆ ಒಪ್ಪಿಸಲು ಎಷ್ಟು ಸೆಕೆಂಡು ಬೇಕಾಯಿತು, ಬರೆದಿಡಿ. ಮರುದಿನ ಅದೇ ಪಟ್ಟಿಯನ್ನು ಮತ್ತೆ ಕಲಿಯಿರಿ. ಮೊದಲ ದಿನ 300 ಸೆಕೆಂಡು, ಮರುದಿನ 200 ಸೆಕೆಂಡು ಹಿಡಿಯಿತು ಎಂದುಕೊಳ್ಳಿ. ಉಳಿದದ್ದು 100. ಅಂದರೆ ಶೇ 33 ಉಳಿತಾಯ. ಇನ್ನೊಂದು ಪಟ್ಟಿಯನ್ನು 20 ನಿಮಿಷ ಬಿಟ್ಟು, ಮತ್ತೊಂದನ್ನು ಆರು ದಿನ ಬಿಟ್ಟು ಕಲಿತು ನೋಡಿ.

ಎಬಿಂಗ್‌ಹೌಸ್‌ಗೆ ಸಿಕ್ಕ ಉಳಿತಾಯ 20 ನಿಮಿಷಕ್ಕೆ ಶೇ 58, ಒಂದು ಗಂಟೆಗೆ ಶೇ 44, ಒಂದು ದಿನಕ್ಕೆ ಶೇ 34, 31 ದಿನಕ್ಕೆ ಶೇ 21. ರೇಖೆ ಮೊದಲು ದಡದಡ ಇಳಿದು ಆಮೇಲೆ ನಿಧಾನವಾಗುತ್ತದೆ.

‘ಒಂದೇ ದಿನದಲ್ಲಿ ಓದಿದ್ದರ ಶೇ 66 ಮರೆಯುತ್ತೇವೆ’ ಎಂದು ಕೋಚಿಂಗ್ ಸೆಂಟರ್‌ಗಳ ಗೋಡೆಯ ಮೇಲೆ ಬರೆಯುವುದುಂಟು. ಅದು ತಪ್ಪು ಓದು. ಶೇ 34 ಎಂಬುದು ಉಳಿದ ಪದಗಳ ಎಣಿಕೆಯೇ ಅಲ್ಲ, ಮತ್ತೆ ಕಲಿಯುವಾಗ ಉಳಿತಾಯವಾದ ಸಮಯ. ಒಂದು ಉಚ್ಚಾರವೂ ಬಾಯಿಗೆ ಬರದಿದ್ದಾಗಲೂ ಉಳಿತಾಯ ಕಾಣಬಹುದು. ಈ ಅಳತೆಯ ಹೆಚ್ಚುಗಾರಿಕೆಯೇ ಅದು. ಜೊತೆಗೆ, ಅರ್ಥವಿಲ್ಲದ ಉಚ್ಚಾರಕ್ಕೆ ಸಿಕ್ಕ ಸಂಖ್ಯೆಯನ್ನು ಅರ್ಥವಿರುವ ಪಾಠಕ್ಕೆ ಅಂಟಿಸಬಾರದು. ಅರ್ಥ ಇರುವುದು ಇಷ್ಟು ಬೇಗ ಜಾರುವುದಿಲ್ಲ.

ಹೆಜ್ಜೆ 5: ಸುಳಿವು ಕೊಟ್ಟು ನೋಡಿ

ಧಾನ್ಯ, ಹಣ್ಣು, ಆಟ, ಒಡವೆ ಹೀಗೆ ಆರು ಗುಂಪಿನಿಂದ ನಾಲ್ಕು ನಾಲ್ಕು ಪದ ಆರಿಸಿ, ಗುಂಪಿನ ಹೆಸರಿನ ಸಮೇತ ಓದಿ ಹೇಳಿ. ನೆನಪಾದಷ್ಟು ಬರೆಯಲಿ. ‘ಇನ್ನು ಒಂದೂ ಬರಲ್ಲ’ ಎಂದು ಪೆನ್ನು ಕೆಳಗಿಟ್ಟ ಮೇಲೆ ಗುಂಪಿನ ಹೆಸರಷ್ಟೇ ಹೇಳಿ. ಮತ್ತೆ ಹಲವು ಪದಗಳು ಬರುತ್ತವೆ. 1966ರಲ್ಲಿ ಟಲ್ವಿಂಗ್ ಮತ್ತು ಪರ್ಲ್‌ಸ್ಟೋನ್ ತೋರಿಸಿದ್ದು ಇದನ್ನು. ನೆನಪು ಇರುವುದು ಒಂದು, ಸಿಗುವುದು ಇನ್ನೊಂದು. ಇಡೀ ಅಧ್ಯಾಯದಲ್ಲಿ ನನಗೆ ಅತಿ ಮುಖ್ಯ ಎನಿಸುವ ಪ್ರಯೋಗ ಇದೇ. ‘ನನಗೆ ನೆನಪಿನ ಶಕ್ತಿಯೇ ಇಲ್ಲ’ ಎಂದು ಕೊರಗುವ ಎಷ್ಟೋ ವಿದ್ಯಾರ್ಥಿಗಳಲ್ಲಿ ಪಾಠ ಒಳಗೇ ಕೂತಿರುತ್ತದೆ. ಅದನ್ನು ಎಳೆದು ತರುವ ದಾರ ಸಿಕ್ಕಿರುವುದಿಲ್ಲ.

ಹೆಜ್ಜೆ 6: ಇಲ್ಲದ್ದನ್ನು ಕೇಳಿ

ಬಸ್ ನಿಲ್ದಾಣದ ಒಂದು ನಿಮಿಷದ ವಿಡಿಯೊ ತೋರಿಸಿ. ಅರ್ಧ ಜನಕ್ಕೆ ‘ಕೆಂಪು ಬ್ಯಾಗಿನವರು ಯಾವ ಕಡೆ ಹೋದರು?’ ಎಂದು ಕೇಳಿ. ವಿಡಿಯೊದಲ್ಲಿ ಕೆಂಪು ಬ್ಯಾಗ್ ಇರಬಾರದು. ವಾರದ ನಂತರ ‘ಕೆಂಪು ಬ್ಯಾಗ್ ನೋಡಿದಿರಾ?’ ಎಂದು ಎಲ್ಲರನ್ನೂ ಕೇಳಿ. ಎಲಿಜಬೆತ್ ಲಾಫ್ಟಸ್ 1975ರಲ್ಲಿ ಹೀಗೆಯೇ ಇಲ್ಲದ ಕೊಟ್ಟಿಗೆಯೊಂದನ್ನು ಪ್ರಶ್ನೆಯಲ್ಲಿ ಸೇರಿಸಿದ್ದರು. ಆ ಪ್ರಶ್ನೆ ಕೇಳಿಸಿಕೊಂಡವರಲ್ಲಿ ಶೇ 17 ಮಂದಿ ವಾರದ ಮೇಲೆ ಕೊಟ್ಟಿಗೆ ನೋಡಿದ್ದೆವು ಎಂದರು. ಉಳಿದ ಗುಂಪಿನಲ್ಲಿ ಹಾಗೆಂದವರು ಶೇ 3ಕ್ಕೂ ಕಡಿಮೆ. ಪ್ರಯೋಗ ಮುಗಿದ ಮೇಲೆ ಗೆಳೆಯರಿಗೆ ನಿಜ ಹೇಳಲೇಬೇಕು. ಅದು ನಮ್ಮ ಶಾಸ್ತ್ರದ ನಿಯಮ.

ಹೆಜ್ಜೆ 7: ಇದನ್ನು ಓದಿಗೆ ತನ್ನಿ

ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಗುಂಪಿಗೆ ಪಾಠವನ್ನು ಮತ್ತೆ ಓದಿಸಿದರು, ಇನ್ನೊಂದಕ್ಕೆ ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆಸಿದರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ದರು. ವಾರದ ನಂತರ ಬರೆದವರು ಮುಂದೆ ಬಂದರು: ಶೇ 56, ಓದಿದವರು ಶೇ 42. ಹಿಂದಿನ ರಾತ್ರಿಯ ಓದು ನಮ್ಮನ್ನು ಏಕೆ ಮೋಸ ಮಾಡುತ್ತದೆ ಎಂಬುದು ಈ ಐದು ನಿಮಿಷದಲ್ಲೇ ಇದೆ. ಆಗ ತಾನೇ ಓದಿದ್ದು ಸಲೀಸಾಗಿ ಕಾಣುತ್ತದೆ. ಗೊತ್ತಿದೆ ಎಂದುಕೊಂಡು ಪುಸ್ತಕ ಮುಚ್ಚುತ್ತೇವೆ.

ಇವತ್ತು ಒಂದು ಪಾಠ ಓದಿ, ಮುಚ್ಚಿಟ್ಟು, ಖಾಲಿ ಹಾಳೆಯಲ್ಲಿ ಬರೆಯಿರಿ. ಬಿಟ್ಟುಹೋದದ್ದಕ್ಕೆ ಮಾತ್ರ ಪುಸ್ತಕ ತೆಗೆಯಿರಿ. ನಾಳೆ ಮತ್ತೆ ಖಾಲಿ ಹಾಳೆ. ಆಮೇಲೆ ಮೂರು ನಾಲ್ಕು ದಿನ ಬಿಟ್ಟು, ಆಮೇಲೆ ವಾರ ಬಿಟ್ಟು. ಪ್ರತಿ ಸಲ ಹಾಳೆಯ ಮೂಲೆಯಲ್ಲಿ ತಾರೀಕು ಹಾಕಿ, ಬಿಟ್ಟ ಅಂಶಗಳ ಪಕ್ಕ ಒಂದು ಗುರುತು ಮಾಡಿ. ಪುಸ್ತಕ ತೆರೆದಾಗ ‘ಇದನ್ನು ನೋಡಿಯೇ ಇಲ್ಲ’ ಎನಿಸಿತೇ, ‘ಅಯ್ಯೋ, ಗೊತ್ತಿತ್ತು’ ಎನಿಸಿತೇ? ಮೊದಲನೆಯದಕ್ಕೆ ಅರ್ಥ ಹುಡುಕಿ ಮತ್ತೆ ಓದಬೇಕು. ಎರಡನೆಯದಕ್ಕೆ ಒಂದು ಸುಳಿವಿನ ಪದ ಬರೆದುಕೊಂಡರೆ ಸಾಕು.