ಹತ್ತು ದಿನ ಒಂದೇ ಬೆಂಕಿ ಕಾದಿದ್ದು

"ಬೆಂಕಿ ಆರಿಸೋಕೆ ಹೋಗಿದ್ರಾ?" ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ನೋಡೋಕೆ ಹೋಗಿದ್ದೆ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿರುವ ಹೀಲಾ ಕಾಡಿನಲ್ಲಿ ಸಿಡಿಲು ಹೊತ್ತಿಸಿದ ಒಂದು ಬೆಂಕಿಯನ್ನು ನಾನೂ ನನ್ನ ಜೊತೆಗಾರನೂ ಹತ್ತು ದಿನ ಕಾದೆವು.

1924ರಿಂದ ಈ ಕಾಡನ್ನು ಅದರ ಪಾಡಿಗೆ ಬಿಟ್ಟಿದ್ದಾರೆ. ರಸ್ತೆ ಇಲ್ಲ, ಸೈಕಲ್ ಕೂಡ ಬಿಡಲ್ಲ. ನಡೆದು ಹೋಗಬೇಕು, ಇಲ್ಲಾ ಕುದುರೆ, ಹೇಸರಗತ್ತೆ. ಆದರೆ ಬೆಂಕಿಯನ್ನು ಮಾತ್ರ ಹಾಗೆ ಬಿಡುತ್ತಿರಲಿಲ್ಲ. ಅಮೆರಿಕದಲ್ಲಿ ಒಂದು ಕಾಲಕ್ಕೆ ಕಾಡಿನ ಬೆಂಕಿ ಕಂಡರೆ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಹತೋಟಿಗೆ ತರಬೇಕು ಅನ್ನೋ ನಿಯಮ ಇತ್ತು, 1935ರದ್ದು. ಹಾಗೆ ಆರಿಸಿ ಆರಿಸಿ ನೆಲದ ತುಂಬ ತರಗು, ಒಣಕಟ್ಟಿಗೆ ರಾಶಿ ಬಿತ್ತು. 1970ರ ದಶಕದಿಂದ ಇಲ್ಲಿ ಕೆಲವು ಸಿಡಿಲಿನ ಬೆಂಕಿಗಳನ್ನು ಉರಿಯೋಕೆ ಬಿಡುತ್ತಾರೆ. ಬಿಟ್ಟ ಮೇಲೆ ಯಾರಾದರೂ ಕಾಯಬೇಕಲ್ಲ.

ಮೊದಲು ಸಿಡಿಲು ಬಡಿದ ಮರ ಹುಡುಕಿದೆವು. ದೊಡ್ಡ ಪಾಂಡರೋಸಾ ಪೈನ್. ತುದಿಯಿಂದ ಬುಡದವರೆಗೆ ತೊಗಟೆ ಸುತ್ತಿಕೊಂಡು ಸೀಳಿತ್ತು, ಮೊಳದುದ್ದ ಚಕ್ಕೆಗಳು ದೂರ ದೂರ ಸಿಡಿದು ಬಿದ್ದಿದ್ದವು. ಮರಕ್ಕೆ ಅಂಥ ಬೆಂಕಿಯೇನೂ ಹತ್ತಿರಲಿಲ್ಲ. ಬುಡದಲ್ಲಿ ಕೊಳೆತ ಸೂಜಿಎಲೆಯ ದಪ್ಪ ಪದರದೊಳಗೆ ಕೆಂಡ ಹಿಡಿದು, ಮೆಲ್ಲಗೆ ಹೊರಗೆ ಬಂದಿತ್ತು. ಹೀಗೆ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ, ಅಡಗಿದ್ದು ಏಳುತ್ತೆ.

ಕೆಲಸ ಏನು ಅಂದರೆ, ಎದುರು ಗುಡ್ಡದ ಬೋಳು ನೆತ್ತಿಯಲ್ಲಿ ಕೂತು ಗಂಟೆಗೊಮ್ಮೆ ಬಿಸಿಲು, ಗಾಳಿ, ತೇವಾಂಶ, ಜ್ವಾಲೆಯ ಎತ್ತರ, ಹೊಗೆಯ ಬಣ್ಣ ಬರೆದು ರೇಡಿಯೋದಲ್ಲಿ ಹೇಳೋದು. ಬೆಳಿಗ್ಗೆ ಕಣಿವೆಯ ತಣ್ಣನೆ ಗಾಳಿಯ ಮೇಲೆ ಬೆಚ್ಚನೆ ಗಾಳಿ ಮುಚ್ಚಳದ ಹಾಗೆ ಕೂತಿರುತ್ತೆ, ಅದರ ಕೆಳಗೆ ಹೊಗೆ ಹೆಪ್ಪುಗಟ್ಟಿದ ಹಾಗೆ ಮಲಗಿರುತ್ತೆ, ನೋಡಿದವರು ಬೆಂಕಿ ಸತ್ತೇಹೋಯ್ತು ಅಂದುಕೊಳ್ಳಬೇಕು. ನೆಲ ಕಾದು ಆ ಮುಚ್ಚಳ ಒಡೆದು ಹೊಗೆ ಮೇಲೇಳ್ತಾ ಇದ್ದ ಹಾಗೆ ಗಾಳಿ ಒಳನುಗ್ಗಿ ಬೆಂಕಿ ಎದ್ದು ನಿಲ್ಲುತ್ತೆ. ಜ್ವಾಲೆ 4 ಅಡಿಗಿಂತ ಕೆಳಗಿದ್ದರೆ ಗುದ್ದಲಿ ಹಿಡಿದವರು ಹತ್ತಿರ ಹೋಗಬಹುದು. ನಮ್ಮದು ಹೆಚ್ಚಾಗಿ ಮೊಣಕಾಲುದ್ದ ಇತ್ತು, ಹುಲ್ಲು ತರಗು ತಿಂದುಕೊಂಡು ಹೋಗ್ತಿತ್ತು, ದಪ್ಪ ತೊಗಟೆಯ ಮುದಿ ಪೈನ್‌ಗಳಿಗೆ ಅದು ಲೆಕ್ಕಕ್ಕೇ ಇಲ್ಲ.

ತೇವಾಂಶ ಅಳೆಯೋಕೆ ಸ್ಲಿಂಗ್ ಸೈಕ್ರೋಮೀಟರ್ ಇರುತ್ತೆ. ಎರಡು ಥರ್ಮಾಮೀಟರ್, ಒಂದರ ತುದಿಗೆ ಒದ್ದೆ ಬತ್ತಿ. ಗಾಳಿ ಒಣಗಿದಷ್ಟೂ ಒದ್ದೆ ತುದಿ ಹೆಚ್ಚು ತಣ್ಣಗಾಗುತ್ತೆ, ಎರಡರ ವ್ಯತ್ಯಾಸದಿಂದ ತೇವಾಂಶ ಗೊತ್ತಾಗುತ್ತೆ. ನೆರಳಲ್ಲಿ ನಿಂತು, ಮುಖ ಗಾಳಿಗೆ ಕೊಟ್ಟು, ಗಿರಗಿರ ತಿರುಗಿಸಬೇಕು. ಒದ್ದೆ ತುದಿಯ ಅಂಕಿ ಇಳಿಯೋದು ನಿಂತ ಮೇಲೆ ಓದಬೇಕು. ಬತ್ತಿಗೆ ಶುದ್ಧ ನೀರೇ ಹಾಕಬೇಕು. ನಾಲ್ಕನೇ ದಿನ ನನ್ನ ಬಾಟಲಿ ಖಾಲಿ ಆಯ್ತು, ಸುಮ್ನೆ ಹಳ್ಳದ ನೀರು ಹಾಕಿದೆ, ಯಾರು ನೋಡ್ತಾರೆ ಅಂತ. ಎರಡು ದಿನದಲ್ಲಿ ಬತ್ತಿ ಗಟ್ಟಿಯಾಗಿ ಉಪ್ಪು ಕಟ್ಟಿದ ಹಾಗಾಗಿತ್ತು. ನಾನು ತೇವಾಂಶ ಶೇಕಡಾ 30 ಅಂತ ರೇಡಿಯೋದಲ್ಲಿ ಹೇಳಿದೆ. ಜೊತೆಗಾರ ತನ್ನದರಲ್ಲಿ ನೋಡಿದ, 23! ಒದ್ದೆ ತುದಿಯಲ್ಲಿ ತಪ್ಪಿದ್ದು ಬರೀ 2 ಡಿಗ್ರಿ ಫ್ಯಾರನ್‌ಹೀಟ್. ಆದರೆ 23 ಅಂದರೆ ತರಗು ಇನ್ನೂ ಗರಿಗರಿ, ಮಧ್ಯಾಹ್ನದ ಗಾಳಿಗೆ ಕಿಡಿ ಹಾರಿದ ಕಡೆಯೆಲ್ಲ ಹತ್ತೋ ಸಾಧ್ಯತೆ ಜಾಸ್ತಿ. 2012ರಲ್ಲಿ ಇದೇ ಕಾಡಲ್ಲಿ ಸಿಡಿಲಿನ ಎರಡು ಬೆಂಕಿ ಗಾಳಿಗೆ ಸಿಕ್ಕಿ ಒಂದಾಗಿ, ಹೆಚ್ಚುಕಡಿಮೆ 3 ಲಕ್ಷ ಎಕರೆ ಸುಟ್ಟಿದ್ದವು. ನಾಚಿಕೆ ಬಿಟ್ಟು ತಿದ್ದುಪಡಿ ಹೇಳಿದೆ. ಆ ಕಡೆಯಿಂದ ಎರಡು ಕ್ಷಣ ಮಾತಿಲ್ಲ. ಆಮೇಲೆ, "ಹಿಂದಿನ ದಿನದ್ದೂ ನೋಡಿ" ಅಂದರು. ಅದನ್ನು ತಿದ್ದೋಕೆ ದಾರಿಯೇ ಇರಲಿಲ್ಲ, ಆ ಸಾಲುಗಳ ಪಕ್ಕ 'ನಂಬಬೇಡಿ' ಅಂತ ಬರೆದೆ.

ಒಂಬತ್ತನೇ ದಿನ ಮಳೆ ಬಂತು, ಅರ್ಧ ಗಂಟೆ. ಹೊಗೆ ನಿಂತಿತು. ಮರುದಿನ ಕೆಳಗಿಳಿದು ಕೈಗವಸು ತೆಗೆದು, ಅಂಗೈಯ ಹಿಂಬದಿ ಬೂದಿಗೆ ಹತ್ತಿರ ಹಿಡಿಯುತ್ತಾ ಹೋದೆವು. ಎಲ್ಲಾ ತಣ್ಣಗೆ. ಸಿಡಿಲು ಬಡಿದ ಮರದ ಹತ್ತಿರ ಒಂದು ಹಳೇ ಬೊಡ್ಡೆ ಸುಟ್ಟು, ಬೇರು ಇದ್ದ ಕಡೆ ಇಲಿಬಿಲದಷ್ಟು ತೂತು ಉಳಿದಿತ್ತು. ಅದರ ಬಾಯಿಗೆ ಕೈ ಹಿಡಿದೆ, ತಕ್ಷಣ ಹಿಂದಕ್ಕೆ ಎಳೆದುಕೊಂಡೆ. ಹಾಳೆಯಲ್ಲಿ ಬರೆದೆ: ಹೊಗೆ ಇಲ್ಲ, ಬಿಸಿ ಇದೆ. ನಮ್ಮ ಜಾಗಕ್ಕೆ ಬಂದ ಇಬ್ಬರಿಗೆ ಆ ತೂತು ತೋರಿಸಿ ಹೊರಟೆವು.